ಲಂಕೆಯಿಂದ ಹೊತ್ತು ತಂದ ಪೆಟ್ಟಿಗೆ

ಕಾಶಿಯಲ್ಲಿ ಒಳ್ಳೆಯ ಕೆಲಸಕ್ಕೆಂದು ಮನೆಯಿಂದ ಹೊರಟವರಿಗೆ ದಾರಿಯಲ್ಲಿ ಏನಾದರೊಂದು ಆಗದೆ ಇರುವುದಿಲ್ಲ. ಏನೂ ಆಗದ ದಿನ, ಪೆಟ್ಟಿಗೆಯನ್ನು ಮನೆಯಲ್ಲೇ ಮರೆತು ಬಂದೆನೇನೋ ಎಂದು ನನಗೆ ಅನುಮಾನ ಬರುತ್ತಿತ್ತು.

ಎರಡು ಸಾವಿರದ ಇಸವಿ ದಾಟಿದ ಆ ವರ್ಷಗಳಲ್ಲಿ ನಾವು ಹನುಮಾನ್ ಘಾಟಿನಲ್ಲಿದ್ದೆವು. ನಮ್ಮ ಮನೆಯವರು ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದರು. ನಾನು ಮೈಸೂರಿನಿಂದ ತಂದ ಡಿಗ್ರಿ, ಇಲ್ಲಿ ಕೊಂಡ ಸ್ಕೂಟಿ ಮತ್ತು ಹುಟ್ಟಿನಿಂದಲೇ ಬಂದ ಧೈರ್ಯ ಇಟ್ಟುಕೊಂಡು ಮನೆಯಲ್ಲಿದ್ದೆ. ಪಕ್ಕದ ಶಿವಾಲದ ಗಲ್ಲಿಯಲ್ಲಿ ಧಾರವಾಡದ ಡಾಕ್ಟರಮ್ಮ ಒಬ್ಬರು ಪುಟ್ಟ ನರ್ಸಿಂಗ್ ಹೋಂ ನಡೆಸುತ್ತಿದ್ದರು. ಅವರಿಗೆ ರಕ್ತ ಬೇಕಾದರೆ ಲಂಕಾ ಎಂಬ ಬಡಾವಣೆಯ ಬ್ಲಡ್ ಬ್ಯಾಂಕಿನಿಂದ ತರಬೇಕು. ಗಲ್ಲಿಯೊಳಗೆ ಆಂಬುಲೆನ್ಸ್ ನುಗ್ಗುವುದಿಲ್ಲ, ಪರವೂರಿನಿಂದ ಬಂದ ರೋಗಿಯ ಮನೆಯವರಿಗೆ ದಾರಿ ತಿಳಿಯುವುದಿಲ್ಲ. ಹಾಗಾಗಿ ಆ ಕೆಲಸವನ್ನು ನಾವು ಮೂವರು ಹಚ್ಚಿಕೊಂಡೆವು: ನಾನು, ನನ್ನ ಹಿಂದಿನ ಸೀಟಿನಲ್ಲಿ ರಕ್ತದ ಪೆಟ್ಟಿಗೆ ತಬ್ಬಿ ಕೂರುವ ನಮ್ಮ ಮನೆಯವರು, ಸೈಕಲ್ ತುಳಿಯುವ ಎದುರುಮನೆ ಭಟ್ಟರು. ಭಟ್ಟರು ದಕ್ಷಿಣದಿಂದ ಬರುವ ಯಾತ್ರಿಕರಿಗೆ ಶ್ರಾದ್ಧ, ತರ್ಪಣ ಮಾಡಿಸುವವರು. ಔಷಧಿ ಹೊತ್ತು ಲಂಕೆಗೆ ಹೋದ ಕಥೆ ಎಲ್ಲರಿಗೂ ಗೊತ್ತು. ಲಂಕೆಯಿಂದ ಹೊತ್ತು ತಂದವರು ನಾವೇ ಮೊದಲಿರಬೇಕು.

ಯಾರದ್ದು?

ನಮ್ಮ ಪೆಟ್ಟಿಗೆ ಥರ್ಮೋಕೋಲಿನದು. ಒಂದೆರಡು ಸಲ ಬಿದ್ದು ಮೂಲೆ ಮುರಿಯಿತು. ಭಟ್ಟರ ಹೆಂಡತಿ ಅದಕ್ಕೆ ಮನೆಯಲ್ಲಿದ್ದ ಕೆಂಪು ಬಟ್ಟೆಯಿಂದ ಅಚ್ಚುಕಟ್ಟಾದ ಗವಸು ಹೊಲಿದು, ಮೇಲೊಂದು ಗಂಟು ಹಾಕಿ ಕೊಟ್ಟರು. ರಕ್ತ ಎಂದರೆ ಕೆಂಪು, ಸರಿಯಾಗಿಯೇ ಇದೆ ಎಂದುಕೊಂಡೆ. ಪುರೋಹಿತರ ಮನೆಯಲ್ಲಿ ಆ ಬಟ್ಟೆ ಅಷ್ಟೊಂದು ಯಾಕೆ ಬಿದ್ದಿರುತ್ತದೆ ಎಂದು ನಾನು ಯೋಚಿಸಲಿಲ್ಲ.

ಮಾರನೆಯ ವಾರ ಲಂಕೆಯಿಂದ ರಕ್ತ ತರುವಾಗ ಯಾವುದೋ ಮೆರವಣಿಗೆಯಿಂದ ರಸ್ತೆ ಬಂದ್. ಪೊಲೀಸರು ಸ್ಕೂಟಿ ಬಿಡಲಿಲ್ಲ. ರಸ್ತೆ ಇಲ್ಲದಿದ್ದರೆ ಹೊಳೆ ಇದೆಯಲ್ಲ ಎಂದು ನಾನು ಸ್ಕೂಟಿಯನ್ನು ಅಸ್ಸಿ ಘಾಟಿನಲ್ಲಿ ನಿಲ್ಲಿಸಿ ದೋಣಿ ಹತ್ತಿದೆ. ನಮ್ಮ ಮನೆಯವರು ಪೆಟ್ಟಿಗೆ ಎದೆಗವಚಿಕೊಂಡು ಕುಳಿತರು. ಅವರಿಗೆ ಈಜು ಬಾರದು, ದೋಣಿ ಎಂದರೆ ಭಯ, ಮುಖ ಬಾಡಿಹೋಗಿತ್ತು. ದೋಣಿಯವನು ಅವರನ್ನೇ ಕನಿಕರದಿಂದ ನೋಡುತ್ತಿದ್ದ.

"ಯಾರದ್ದು ಸಾಹೇಬ್?" ಎಂದು ಮೆಲ್ಲಗೆ ಕೇಳಿದ.

ನಮ್ಮ ಮನೆಯವರು ಸುಳ್ಳು ಹೇಳುವವರಲ್ಲ. "ಗೊತ್ತಿಲ್ಲ. ಯಾರೋ ಪುಣ್ಯಾತ್ಮರು ಕೊಟ್ಟು ಹೋದರಂತೆ" ಎಂದರು.

ದೋಣಿಯವನ ಕಣ್ಣು ತುಂಬಿತು. ಊರು ಹೆಸರು ಗೊತ್ತಿಲ್ಲದವರಿಗಾಗಿ ಇಷ್ಟು ಮಾಡುವ ಜನ ಈ ಕಾಲದಲ್ಲೂ ಇದ್ದಾರಲ್ಲ ಎಂದು ಕೈಮುಗಿದ. ಹನುಮಾನ್ ಘಾಟಿನ ಕಡೆಗೆ ಹೋಗಬೇಕಾದ ದೋಣಿಯನ್ನು ನೇರ ನಡುಹೊಳೆಗೆ ಒಯ್ದು ಹುಟ್ಟು ನಿಲ್ಲಿಸಿದ. ಇಲ್ಲಿ ಧಾರೆ ಚೆನ್ನಾಗಿದೆ, ಬಿಡಿ ಎಂದ. ಏನು ಬಿಡುವುದು ಎಂದು ಇವರು ಕೇಳಿದರು. ಪಾಪ, ದುಃಖದಲ್ಲಿ ಕೈ ಓಡುತ್ತಿಲ್ಲ ಎಂದುಕೊಂಡು ಅವನೇ ಬಂದು ಕೆಂಪು ಬಟ್ಟೆಯ ಗಂಟು ಬಿಚ್ಚತೊಡಗಿದ.

ಕಾಶಿಯಲ್ಲಿ ಕೆಂಪು ಬಟ್ಟೆ ಸುತ್ತಿ ತರುವುದು ಅಸ್ಥಿಯನ್ನು ಎಂಬುದು ಆಗ ನನ್ನ ತಲೆಗೆ ಹೊಳೆಯಿತು. ಪೆಟ್ಟಿಗೆ ಕಿತ್ತುಕೊಂಡು, ಇದು ಹೋದವರದ್ದಲ್ಲ, ಉಳಿಯಬೇಕಾದವರದ್ದು, ಇದರೊಳಗೆ ರಕ್ತ ಇದೆ ಎಂದು ಜೋರು ಮಾಡಿದೆ. ವಿಷಯ ತಿಳಿದ ಮೇಲೆ ಅವನು ಹುಟ್ಟು ಹಾಕಿದ ವೇಗಕ್ಕೆ ನಮ್ಮ ಮನೆಯವರು ಕಣ್ಣು ಮುಚ್ಚಿಕೊಂಡವರು ದಡದಲ್ಲೇ ತೆರೆದದ್ದು.

ಇಳಿಯುವಾಗ ಅವನು ತನ್ನ ಕಷ್ಟ ಹೇಳಿಕೊಂಡ. ಹೋದ ಹೆರಿಗೆಯಲ್ಲಿ ರಕ್ತ ಸಿಗುವುದು ತಡವಾಗಿ ಮಗು ಹೋಯಿತು, ಹೆಂಡತಿ ಉಳಿದದ್ದೇ ಹೆಚ್ಚು. ಅವಳ ರಕ್ತದ ಗುಂಪು ಸುಲಭಕ್ಕೆ ಸಿಗುವಂಥದ್ದಲ್ಲ. ಈಗ ಮತ್ತೆ ಬಸುರಿ, ಇದೇ ಡಾಕ್ಟರಮ್ಮನ ಹತ್ತಿರ ತೋರಿಸುತ್ತಿದ್ದಾಳೆ. ಹೆದರಿದವರ ಮುಂದೆ ನಾವೂ ಹೆದರಿದರೆ ಕೆಲಸ ಕೆಡುತ್ತದೆ. "ಆ ದಿನ ರಕ್ತ ನಾನು ತರ್ತೀನಿ ಭಯ್ಯಾ. ಊರೇ ಅಡ್ಡ ಬಂದರೂ ತರ್ತೀನಿ" ಎಂದೆ.

ಅವನು ತಲೆಯಾಡಿಸಿದ. ಆಮೇಲೆ ಇವರ ಕಡೆ ನೋಡಿ, ದನಿ ತಗ್ಗಿಸಿ ಹೇಳಿದ: "ತನ್ನಿ ದೀದಿ. ಆದರೆ ದಾರಿಯಲ್ಲಿ ಯಾರಾದರೂ ಏನಾದರೂ ಕೇಳಿದರೆ ಸಾಹೇಬರು ಉತ್ತರ ಕೊಡೋದು ಬೇಡ."

ಬಾಯಿ ತುಂಬಿದವನ ಉಪಕಾರ

ಒಮ್ಮೆ ಡಾಕ್ಟರಮ್ಮನ ಪರಿಚಯದವರಿಗೆಂದು ಕಂಟೋನ್ಮೆಂಟ್ ಕಡೆಯ ಒಂದು ಆಸ್ಪತ್ರೆಗೆ ರಕ್ತ ಹೊತ್ತು ಹೊರಟೆವು. ಆ ದಿಕ್ಕು ನನಗೆ ಹೊಸದು. ಒಂದು ಪಾನ್ ಅಂಗಡಿಯ ಮುಂದೆ ನಿಲ್ಲಿಸಿ, ಅಲ್ಲಿ ನಿಂತಿದ್ದವರೊಬ್ಬರನ್ನು ದಾರಿ ಕೇಳಿದೆ.

ಅವರು ಆಗತಾನೇ ಬಾಯಿಗೆ ಪಾನ್ ಇಟ್ಟುಕೊಂಡಿದ್ದರು. ಬನಾರಸಿನಲ್ಲಿ ಹೊಸದಾಗಿ ಇಟ್ಟ ಪಾನನ್ನು ಯಾವ ಕಾರಣಕ್ಕೂ ಉಗುಳುವುದಿಲ್ಲ. ಮನೆಗೆ ಬೆಂಕಿ ಬಿದ್ದರೂ ಮೊದಲು ಆ ರಸ ಇಳಿಯಬೇಕು. ಅವರು ಮುಖವನ್ನು ಆಕಾಶಕ್ಕೆ ಎತ್ತಿ ಉಂ ಉಂ ಎಂದರು. ನಮ್ಮ ಮನೆಯವರು ಬಹಳ ಗೌರವದಿಂದ ಅದನ್ನೂ ಕೇಳಿಸಿಕೊಂಡರು. ನಾನು ಪೆಟ್ಟಿಗೆ ತೋರಿಸಿ, ರೋಗಿ ಕಾಯುತ್ತಿದ್ದಾನೆ, ಕೈಯಲ್ಲಾದರೂ ತೋರಿಸಿ ಎಂದೆ. ಆ ಮನುಷ್ಯನಿಗೆ ಪರಿಸ್ಥಿತಿ ಅರ್ಥವಾಯಿತು. ಮರುಮಾತಿಲ್ಲದೆ ಬಂದು ಸ್ಕೂಟಿಯಲ್ಲಿ ನಮ್ಮ ಮನೆಯವರ ಹಿಂದೆ ಕುಳಿತುಬಿಟ್ಟರು.

ಅಲ್ಲಿಂದ ಅವರು ಇವರ ಹೆಗಲು ತಟ್ಟುವುದು, ಇವರು ನನ್ನ ಹೆಗಲು ತಟ್ಟುವುದು, ನಾನು ತಿರುಗಿಸುವುದು. ಎಡಕ್ಕೆ ಬಲಕ್ಕೆ ಎಷ್ಟೋ ಗಲ್ಲಿ ದಾಟಿ ಕೊನೆಗೆ ಒಂದು ಆಸ್ಪತ್ರೆಯ ಮುಂದೆ ನಿಂತೆವು. ಬೋರ್ಡು ನೋಡಿದರೆ ನಾವು ಕೇಳಿದ ಹೆಸರೇ ಅಲ್ಲ. ನನಗೆ ರೇಗಿತು. ಅವರು ಮೋರಿಯ ಹತ್ತಿರ ಹೋಗಿ, ನಿಧಾನವಾಗಿ ಬಾಯಿ ಖಾಲಿ ಮಾಡಿ ಬಂದು, ತುಂಬ ವಿಶ್ವಾಸದಿಂದ ವಿವರಿಸಿದರು.

"ನೀವು ಕೇಳಿದ ಆಸ್ಪತ್ರೆ ಆ ಅಂಗಡಿಯ ಮಹಡಿ ಮೇಲೇ ಇತ್ತು ಬಹನ್‌ಜೀ. ಆದರೆ ಇಲ್ಲಿಯ ಡಾಕ್ಟರ ಕೈಗುಣ ಚೆನ್ನಾಗಿದೆ."

ಬಂದ ದಾರಿಯಲ್ಲೇ ಹಾರಿಸಿಕೊಂಡು ಹೋಗಿ ರಕ್ತ ತಲುಪಿಸಿದೆ. ರೋಗಿಗೆ ಏನೂ ಆಗಲಿಲ್ಲ. ಸಂಜೆಯೊಳಗೆ ಸುದ್ದಿ ಘಾಟಿಗೆ ಮುಟ್ಟಿತ್ತು. ದೋಣಿಯವನು ಹುಡುಕಿಕೊಂಡು ಬಂದು, ನಮ್ಮವಳ ಹೆರಿಗೆಯ ದಿನ ನೀವು ಯಾರನ್ನೂ ದಾರಿ ಕೇಳಬಾರದು ಎಂದು ಮಾತು ತೆಗೆದುಕೊಂಡ. ಡಾಕ್ಟರಮ್ಮನ ಆಸ್ಪತ್ರೆ ನಮ್ಮ ಮನೆಯ ಪಕ್ಕದ ಗಲ್ಲಿಯಲ್ಲೇ ಇದೆ ಎಂದು ಎಷ್ಟು ಹೇಳಿದರೂ ಅವನಿಗೆ ಸಮಾಧಾನವಾಗಲಿಲ್ಲ.

ಮುಕ್ತಿಗೆ ಅಡ್ಡ ಬಂದವರು

ಹುಬ್ಬಳ್ಳಿ ಕಡೆಯ ಯಜಮಾನರೊಬ್ಬರು ಮಕ್ಕಳ ಜೊತೆ ಕಾಶಿಯಾತ್ರೆಗೆ ಬಂದು ಭಟ್ಟರ ಮನೆಯಲ್ಲೇ ಇಳಿದಿದ್ದರು. ಬಂದವರಿಗೆ ಹೊಟ್ಟೆಯ ಹುಣ್ಣು ಒಡೆದು ರಕ್ತ ಹೋಗಿ ಡಾಕ್ಟರಮ್ಮನಲ್ಲಿ ಮಲಗುವಂತಾಯಿತು. ಭಟ್ಟರು ಸೈಕಲ್ಲಿನಲ್ಲಿ ಏದುಸಿರು ಬಿಡುತ್ತಾ ಲಂಕೆಯಿಂದ ರಕ್ತ ತಂದರು. ನೋಡಿದರೆ ಯಜಮಾನರು ಕೈಯನ್ನು ಹೊದಿಕೆಯೊಳಗೆ ಬಚ್ಚಿಟ್ಟುಕೊಂಡು ಮಲಗಿದ್ದಾರೆ.

"ಕಾಶ್ಯಾಗ ಸಾಯಾಕ ಪುಣ್ಯ ಮಾಡಿರಬೇಕು. ನನಗ ಅದು ತಾನಾಗೇ ಬಂದೈತಿ. ನಡುವ ನೀವ್ಯಾಕ ಬರ್ತೀರಿ?" ಎಂದರು.

ಮಕ್ಕಳು ಅತ್ತರು. ಡಾಕ್ಟರಮ್ಮ ಧಾರವಾಡದ ಭಾಷೆಯಲ್ಲೇ ಬೈದರು. ನಾನು ನನಗೆ ತಿಳಿದ ವೇದಾಂತವನ್ನೆಲ್ಲ ಹೇಳಿದೆ. ಅವರು ಯಾವುದಕ್ಕೂ ಜಗ್ಗಲಿಲ್ಲ. ಭಟ್ಟರು ಬೆವರು ಒರೆಸಿಕೊಂಡು ಮಂಚದ ಪಕ್ಕ ಕುಳಿತರು.

"ಆಗಲಿ ಯಜಮಾನರೇ, ನಿಮ್ಮಿಷ್ಟ. ಆದರೆ ನಿಮ್ಮ ತಂದೆಯವರ ಗಯಾಶ್ರಾದ್ಧ ಇನ್ನೂ ಆಗಿಲ್ಲ. ಇಲ್ಲಿಂದ ಮೇಲೆ ಹೋದ ಕೂಡಲೇ ಅವರೇ ಎದುರಿಗೆ ಸಿಗ್ತಾರೆ. ಗಯಾದ ಬಾಗಿಲತನಕ ಹೋಗಿ ಯಾಕೆ ಬಿಟ್ಟು ಬಂದೆ ಅಂದರೆ ಏನು ಹೇಳ್ತೀರಿ?"

ಯಜಮಾನರ ತಂದೆ ಬದುಕಿದ್ದಾಗ ಸಿಟ್ಟಿನವರಾಗಿದ್ದರಂತೆ. ಕೈ ತಾನಾಗಿಯೇ ಹೊದಿಕೆಯಿಂದ ಹೊರಗೆ ಬಂತು.

ಚೇತರಿಸಿಕೊಂಡ ಮೇಲೆ ಗಯಾಕ್ಕೂ ಹೋಗಿ ಬಂದು, ಊರಿಗೆ ಹೊರಡುವ ಮುನ್ನ ನಮ್ಮ ಮನೆಯಲ್ಲಿ ಊಟ ಮಾಡಿದರು. ಮುದ್ದೆಹುಳಿ ಬಡಿಸುತ್ತಾ, ಈಗ ಮನಸ್ಸಿಗೆ ನೆಮ್ಮದಿಯೇ ಎಂದು ಕೇಳಿದೆ. ಅವರು ತಟ್ಟೆಯಿಂದ ತಲೆ ಎತ್ತದೆ ದೂರಿದರು. "ಎಲ್ಲಾ ಕೆಲಸ ಮುಗೀತು, ಇನ್ನ ಆರಾಮ ಹೋಗಬಹುದು ಅಂದ್ರ, ನೀವು ಕೊಟ್ಟ ರಕ್ತ ಎಂಥಾದ್ದೋ ಏನೋ, ಹೊಟ್ಟಿ ಹಸಿವು ತಡಿಯಾಕಾಗವಲ್ದು. ಇನ್ನೊಂಚೂರು ಹಾಕ್ರಿ."

ಬಾಬೂಜಿ

ಆ ಯಜಮಾನರನ್ನು ಹೊಳೆಯಲ್ಲಿ ಸುತ್ತಾಡಿಸಿದವನೂ ನಮ್ಮ ದೋಣಿಯವನೇ. ಅವರ ಕೆಂಪಾದ ಮುಖ ನೋಡಿ, ನಮ್ಮವಳಿಗೂ ಇದೇ ಅಂಗಡಿಯ ರಕ್ತ ತನ್ನಿ ದೀದಿ ಎಂದಿದ್ದ.

ಒಂದು ಮಧ್ಯಾಹ್ನ ಡಾಕ್ಟರಮ್ಮನ ಫೋನು ಬಂತು. ದೋಣಿಯವನ ಹೆಂಡತಿಗೆ ಆಪರೇಷನ್ ಮಾಡಲೇಬೇಕು, ರಕ್ತ ಕೈಗೆ ಬರದೆ ಕತ್ತರಿ ಹಿಡಿಯುವ ಹಾಗಿಲ್ಲ, ತಡವಾದರೆ ಇಬ್ಬರಿಗೂ ಕಷ್ಟ ಎಂದರು. ನಾವು ಲಂಕೆಗೆ ಹೋಗಿ, ಮೊದಲೇ ಹೇಳಿಟ್ಟಿದ್ದ ಆ ಗುಂಪಿನ ರಕ್ತವನ್ನು ಮ್ಯಾಚ್ ಮಾಡಿಸಿ, ಪೆಟ್ಟಿಗೆ ತುಂಬಿಸಿಕೊಂಡು ಹೊರಟೆವು. ಶಿವಾಲ ಇನ್ನೇನು ಬಂತು ಎನ್ನುವಾಗ ರಸ್ತೆ ಕಟ್ಟಿಕೊಂಡಿತು. ರಿಕ್ಷಾ, ಟೆಂಪೋ, ಶಾಲೆಯ ಮಕ್ಕಳು, ಎಲ್ಲರ ನಡುವೆ ಮೆಲುಕು ಹಾಕುತ್ತಾ ಮಲಗಿದ ಒಂದು ಗೂಳಿ. ಹಾರ್ನ್ ಹೊಡೆದೆ, ಕೂಗಿದೆ, ಆಸ್ಪತ್ರೆಗೆ ರಕ್ತ ಎಂದು ಪೆಟ್ಟಿಗೆ ಎತ್ತಿ ತೋರಿಸಿದೆ. ಜನ ಕೆಂಪು ಗಂಟಿಗೆ ಕೈಮುಗಿದರು, ಜಾಗ ಬಿಡಲಿಲ್ಲ.

ಅಷ್ಟರಲ್ಲಿ ಹಿಂದಿನಿಂದ "ರಾಮ ನಾಮ ಸತ್ಯ ಹೈ" ಎಂಬ ಕೂಗು ಕೇಳಿಸಿತು. ಹರಿಶ್ಚಂದ್ರ ಘಾಟಿಗೆ ಹೊರಟ ಒಂದು ಚಟ್ಟ. ನನಗೆ ದಾರಿ ಕೊಡದ ಆ ರಸ್ತೆ ಕಣ್ಣೆದುರೇ ಎರಡು ಪಾಲಾಯಿತು. ರಿಕ್ಷಾಗಳು ಗೋಡೆಗೆ ಅಂಟಿಕೊಂಡವು. ಗೂಳಿ ಕೂಡ ಎದ್ದು ನಿಂತಿತು. ಈ ಊರಿನಲ್ಲಿ ದಾರಿ ಬೇಕಾದರೆ ಸಾಯಬೇಕು, ಇಲ್ಲವೇ ಸತ್ತವರ ಜೊತೆ ಹೋಗಬೇಕು.

ಸ್ಕೂಟಿಯನ್ನು ಪಕ್ಕದ ಅಂಗಡಿಯವನಿಗೆ ಒಪ್ಪಿಸಿ, ಪೆಟ್ಟಿಗೆ ಹಿಡಿದು ಚಟ್ಟದ ಮುಂದಿದ್ದ, ಸತ್ತವರ ಹಿರಿಯ ಮಗನ ಹತ್ತಿರ ಓಡಿದೆ. ಹೆರಿಗೆ, ರಕ್ತ, ಶಿವಾಲ ಎಂದಷ್ಟೇ ಹೇಳಿದೆ. ಜೊತೆಗಿದ್ದ ಮುದುಕರೊಬ್ಬರು ಹೆಂಗಸು ಮುಂದೆ ನಡೆಯುವುದುಂಟೇ ಎಂದು ಗೊಣಗಿದರು. ಮಗ ಅವರನ್ನು ತಡೆದ.

"ಅವರು ಘಾಟಿಗೆ ಬರ್ತಿಲ್ಲ ಚಾಚಾ, ಆಸ್ಪತ್ರೆಗೆ ಹೋಗ್ತಿದಾರೆ. ನಡೀರಿ ದೀದಿ. ನಮ್ಮ ಬಾಬೂಜಿಗೆ ಇದ್ದಾಗಲೇ ಅವಸರ ಇರಲಿಲ್ಲ."

ನಾನು ಮುಂದೆ, ಹಿಂದೆ ಚಟ್ಟದ ಮೇಲೆ ಅವನ ತಂದೆ ಬಾಬೂಜಿ. ನಮ್ಮ ಮನೆಯವರು ಬರಿಗೈಯಲ್ಲಿ ಸುಮ್ಮನೆ ಬಂದರೆ ಚೆನ್ನಾಗಿರುವುದಿಲ್ಲ ಎಂದು ಮರ್ಯಾದೆಗೆ ಹೆಗಲು ಕೊಟ್ಟರು. ಚಟ್ಟ ಹೊರುವುದು ಪುಣ್ಯ ಎಂದು ದಾರಿಹೋಕರೂ ಹೆಗಲು ಕೊಡುವ ಊರಿದು. ಅವರಿಗೆ ಸಿಕ್ಕಿದ್ದು ಚಟ್ಟದ ಮುಂದಿನ ಎಡಗಡೆ. ಕಾಲು ಗಂಟೆಯಿಂದ ಅಲುಗದ ರಸ್ತೆಯಲ್ಲಿ ನಾವು ಓಡುನಡಿಗೆಯಲ್ಲಿ ಸಾಗಿದೆವು. ನರ್ಸಿಂಗ್ ಹೋಂ ಗಲ್ಲಿ ಬಂದ ಕೂಡಲೇ ನಾನು ಎಡಕ್ಕೆ ತಿರುಗಿದೆ.

ನಮ್ಮ ಮನೆಯವರಿಗೆ ಮದುವೆಯಾದಾಗಿನಿಂದ ಒಂದೇ ಅಭ್ಯಾಸ. ನಾನು ತಿರುಗಿದ ಕಡೆ ಅವರೂ ತಿರುಗುತ್ತಾರೆ. ಮುಂದಿನ ಹೆಗಲು ತಿರುಗಿದ ಮೇಲೆ ಚಟ್ಟ ತಿರುಗದೆ ಇರುತ್ತದೆಯೇ? ಚಟ್ಟ ತಿರುಗಿದ ಮೇಲೆ ಹಿಂದಿನ ಜನವೆಲ್ಲ ತಿರುಗಿತು. ಯಾರೋ ಹತ್ತಿರದ ದಾರಿ ಬಲ್ಲವರು ಕರೆದೊಯ್ಯುತ್ತಿದ್ದಾರೆ ಎಂದು ಎಲ್ಲರೂ ಇನ್ನಷ್ಟು ಜೋರಾಗಿ ರಾಮನಾಮ ಕೂಗುತ್ತಾ ನನ್ನ ಬೆನ್ನ ಹಿಂದೆ ನರ್ಸಿಂಗ್ ಹೋಂ ಅಂಗಳಕ್ಕೆ ನುಗ್ಗಿದರು.

ಮೆಟ್ಟಿಲ ಮೇಲೆ ತಲೆ ತಗ್ಗಿಸಿ ಕುಳಿತಿದ್ದ ದೋಣಿಯವನು ಕಣ್ಣು ಬಿಟ್ಟು ನೋಡಿದ. ನಾನು, ಕೆಂಪು ಗಂಟು, ಹಿಂದೆ ಹೂವು ಮುಚ್ಚಿದ ಚಟ್ಟ. ಅವನು ಎದ್ದು ನಿಂತ.

"ದೀದಿ, ಅವಳಿನ್ನೂ ಇದ್ದಾಳೆ. ನಾನು ರಕ್ತ ತನ್ನಿ ಅಂದಿದ್ದೆ, ಇದನ್ನಲ್ಲ."

ಡಾಕ್ಟರಮ್ಮ ಹೊರಗೆ ಬಂದು ಒಮ್ಮೆ ಎಲ್ಲರನ್ನೂ ನೋಡಿದರು. ನನ್ನ ಕೈಯಿಂದ ಪೆಟ್ಟಿಗೆ ಕಸಿದುಕೊಂಡು, "ಜೀವ ಇದ್ದವರು ಅಷ್ಟ ಒಳಗ" ಎಂದು ಬಾಗಿಲು ಹಾಕಿಕೊಂಡರು. ಗೇಟಿನ ಕಾವಲುಗಾರ ಟೋಪಿ ತೆಗೆದು ತಲೆ ಕೆರೆದುಕೊಂಡ. ಇಲ್ಲಿಂದ ಹೊರಗೆ ಹೋಗುವುದನ್ನು ನೋಡಿದ್ದೇನೆ, ಒಳಗೆ ಬಂದದ್ದನ್ನು ಇವತ್ತೇ ನೋಡಿದ್ದು ಎಂದ.

ನಾನು ಆ ಮಗನ ಹತ್ತಿರ ಕ್ಷಮೆ ಕೇಳಿದೆ. ಅವನು ಇಷ್ಟು ದೂರ ಬಂದಾಗಿದೆ, ಏನಾಯಿತು ಅಂತ ತಿಳಿದುಕೊಂಡೇ ಹೋಗೋಣ ಎಂದ. ಬಾಬೂಜಿಯನ್ನು ಬೇವಿನ ಮರದ ನೆರಳಿಗೆ ಇಳಿಸಿದರು. ಮಣ್ಣಿನ ಕುಲ್ಹಡಿನಲ್ಲಿ ಚಹಾ ಬಂತು. ಗೊಣಗಿದ್ದ ಚಾಚಾ ದೋಣಿಯವನ ಪಕ್ಕದಲ್ಲಿ ಕುಳಿತು ಅವನ ಬೆನ್ನು ಸವರುತ್ತಿದ್ದರು. ಒಳಗಿನಿಂದ ಮಗುವಿನ ಅಳು ಕೇಳಿದಾಗ ಆ ಸಾವಿನ ಮೆರವಣಿಗೆಯೆಲ್ಲ ಒಟ್ಟಿಗೆ ಎದ್ದು ನಿಂತಿತು. ನರ್ಸ್ ಬಂದು ತಾಯಿ ಚೆನ್ನಾಗಿದ್ದಾಳೆ, ಹೆಣ್ಣು ಮಗು ಎಂದಳು. ಹರ ಹರ ಮಹಾದೇವ ಎಂದು ಅವರು ಹಾಕಿದ ಕೂಗಿಗೆ ಡಾಕ್ಟರಮ್ಮ ಕಿಟಕಿಯಿಂದ ಬೈದರು. ನಾನು ಯಾರಿಗೂ ಕಾಣದಂತೆ ಅತ್ತುಬಿಟ್ಟೆ.

ಘಾಟಿಗೆ ಹೊರಡುವಾಗ ದೋಣಿಯವನು ಬಂದು ನಮ್ಮ ಮನೆಯವರನ್ನು ಪಕ್ಕಕ್ಕೆ ಸರಿಸಿ ತಾನೇ ಹೆಗಲು ಕೊಟ್ಟ. ಸಾಹೇಬರನ್ನು ಮುಂದೆ ಬಿಟ್ಟರೆ ಬಾಬೂಜಿ ಇವತ್ತು ನಿಮ್ಮ ಮನೆಗೇ ಬರುತ್ತಾರೆ ದೀದಿ ಎಂದ.

ಮಗುವಿಗೆ ಭಟ್ಟರು ಜಾತಕ ನೋಡಿ ಗಂಗೆಯ ಹೆಸರುಗಳಲ್ಲೇ ಒಂದು ಚೆಂದದ ಹೆಸರು ಆರಿಸಿಕೊಟ್ಟರು. ಅದು ಶಾಲೆಯ ಹಾಜರಿಗೆ ಮಾತ್ರ ಉಳಿಯಿತು. ನಾವು ಕಾಶಿ ಬಿಡುವವರೆಗೂ ಘಾಟಿನಲ್ಲಿ "ಬಾಬೂಜಿ" ಎಂದು ಕೂಗಿದರೆ, ಎರಡು ಜಡೆ ಹಾರಿಸಿಕೊಂಡು, ಫ್ರಾಕು ಎತ್ತಿ ಹಿಡಿದು ಓಡಿ ಬರುತ್ತಿದ್ದವಳು ಅವಳೇ.