ಚಕ್ರಕ್ಕೆ ಎರಡು ಸುತ್ತು

ನನ್ನ ಸೋದರಮಾವ ಮನುಷ್ಯರ ಮುಖ ನೋಡಿ ನಮಸ್ಕಾರ ಹೇಳಿದ್ದನ್ನು ನಾನು ಕಂಡಿಲ್ಲ. ಮೊದಲು ಬಂದವರ ಗಾಡಿಯ ಅಡಿಗೆ ನುಸುಳುತ್ತಾರೆ. ಹೊರಬಂದ ಮೇಲೆ ಕೈ ಮುಗಿಯಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾರೆ! ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಾಗಲೂ ಹೀಗೇ ಆಯಿತು. ಅತ್ತೆ ಕೇಸರಿಬಾತಿನ ತಟ್ಟೆ ಹಿಡಿದು ನಿಂತಿದ್ದಾರೆ, ಮನೆಯ ಯಜಮಾನರೇ ಇಲ್ಲ. ಕಡೆಗೆ ಬೀಗರ ಕಾರಿನ ಕೆಳಗಿಂದ ದನಿ ಬಂತು: "ಕ್ಲಚ್ ತೇಯ್ದೋಗದೆ. ಓಡ್ಸೋದು ಯಾರು, ಮಾಪ್ಳೆಯಾ?" ಮದುವೆಯೇನೋ ಆಯಿತು. ಮಾಪ್ಳೆಗೆ, ಆ ಅಳಿಯನಿಗೆ, ಕ್ಲಚ್ ತುಳಿಯಲು ಬರುವುದಿಲ್ಲ ಎಂಬ ಕೊರಗು ಮಾತ್ರ ಮಾವನಿಗೆ ಇಂದಿಗೂ ಹೋಗಿಲ್ಲ.

ಇಂಥವರ ಅಕ್ಕನ ಮಗನಾದ ನಾನು ಶರವಣಂಪಟ್ಟಿಯ ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ಪಾಠ ಹೇಳುತ್ತೇನೆ. ಮಾವ ಓದಿದ್ದು ಎಂಟನೇ ಕ್ಲಾಸು. ಯಾರಿಗೆ ಹೆಚ್ಚು ಗೊತ್ತು ಎಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ! ಅದನ್ನು ನೆನೆದರೆ ಈಗ ಕಿವಿ ಬಿಸಿಯಾಗುತ್ತದೆ.

ತುಡಿಯಲೂರಿನಲ್ಲಿರುವ ಮಾವನ ಪಟ್ಟರೈಗೆ, ಅಂದರೆ ವರ್ಕ್‌ಶಾಪಿಗೆ, ವೆಳ್ಳಕೋಯಿಲಿನವರೊಬ್ಬರು ಹಳೇ ಜೀಪು ತಂದರು. ಅದಕ್ಕೆ ದೊಡ್ಡ ಕಾರಿನ ಎಂಜಿನ್ ಕೂರಿಸಬೇಕಂತೆ. ಇದು ಚೆನ್ನಾಗಿ ಓಡಿದರೆ ಅವರ ಕಡೆಯ ಇನ್ನೂ ಮೂರು ಜೀಪು ಬರುವ ಮಾತಿತ್ತು. ಕೆಲಸವಿಲ್ಲದೆ ಬಾಗಿಲು ಹಾಕುವ ಸ್ಥಿತಿಗೆ ಬಂದಿದ್ದ ಪಟ್ಟರೈಗೆ ಅದೇ ಆಸರೆ. ಮಾವ ಎಂಜಿನ್ ಕೂರಿಸಿದರು, ಅದರದೇ ಗೇರ್‌ಬಾಕ್ಸನ್ನೂ ಜೋಡಿಸಿದರು. ಉಳಿದದ್ದು ಹಿಂದಿನ ಆಕ್ಸಲ್. ಜೀಪಿನ ಹಳೇ ಆಕ್ಸಲಿನಲ್ಲಿ ಚಕ್ರಗಳು ಒಂದು ಸುತ್ತು ಬರಬೇಕಾದರೆ ಎಂಜಿನ್ ಕಡೆಯ ಶಾಫ್ಟು ಐದು ಸುತ್ತಿಗೂ ಹೆಚ್ಚು ತಿರುಗಬೇಕು. ಬಡಕಲು ಎಂಜಿನ್ನಿಗೆ ಅದು ಸರಿ. ಬಲವಾದ ಎಂಜಿನ್ನಿಗೆ? ಗೇಟು ದಾಟುವುದರೊಳಗೆ ಮೊದಲನೇ ಗೇರು ಮುಗಿದುಹೋಗುತ್ತಿತ್ತು! "ನಾಲ್ಕರ ಒಳಗೆ ಇರೋದು ಬೇಕು," ಎಂದರು ಮಾವ.

ಉಕ್ಕಡಂ ಗುಜರಿಗೆ ಅವರು ಹೊರಟಾಗ ನಾನು ಕಾಲೇಜಿನ ಇಬ್ಬರು ಸಹೋದ್ಯೋಗಿಗಳನ್ನೂ ಕರೆದುಕೊಂಡು ಹೋದೆ, ತಮಾಷೆ ನೋಡಲು. ಮಾವ ಒಂದು ಆಕ್ಸಲಿನ ಎಡ ಚಕ್ರವನ್ನು ಅಲುಗದಂತೆ ಅಂಗಡಿಯವನ ಕೈಯಲ್ಲಿ ಹಿಡಿಸಿ, ಬಲ ಚಕ್ರವನ್ನು ಎರಡು ಸುತ್ತು ತಿರುಗಿಸಿ, ಶಾಫ್ಟಿನ ಸುತ್ತು ಎಣಿಸಿದರು. ನಾಲ್ಕಕ್ಕೆ ಚೂರು ಕಮ್ಮಿ. "ಇದೇ," ಎಂದರು.

ನಾನು ನಕ್ಕುಬಿಟ್ಟೆ. "ಮಾವ, ಚಕ್ರ ಒಂದು ಸುತ್ತಿಗೆ ಎಷ್ಟು ಅನ್ನೋದು ಕಣಕ್ಕು, ಲೆಕ್ಕ. ನೀವು ಎರಡು ಸುತ್ತಿದ್ರೆ ಡಬಲ್ ಬರ್ದೆ ಇನ್ನೇನ್ ಬತ್ತದೆ? ಇದು ನಿಜಕ್ಕೂ ಎರಡೇ, ಗಾಡಿ ಕದಲಲ್ಲ." ಸಹೋದ್ಯೋಗಿಗಳೂ ನಕ್ಕರು. ಹಾಗೆಯೇ ಒಂದು ಚಕ್ರ ಹಿಡಿಸಿ, ಇನ್ನೊಂದನ್ನು ಒಂದೇ ಸುತ್ತು ತಿರುಗಿಸುತ್ತ ಗುಜರಿಯನ್ನೆಲ್ಲ ಜಾಲಾಡಿದೆ. ಮಿನಿ ಲಾರಿಯ ಆಕ್ಸಲ್ ಮೂರೂವರೆ ಕೊಟ್ಟಿತು. ಮಾವ ಬಾಯಿ ತೆರೆದರು, ನನ್ನ ಪಕ್ಕದಲ್ಲಿದ್ದ ಇಬ್ಬರನ್ನು ನೋಡಿದರು, ಬಾಯಿ ಮುಚ್ಚಿದರು. "ನೀನ್ ಓದಿರೋನು. ಸರಿ," ಎಂದರು.

ಅದನ್ನು ಕೊಯ್ದು ಬೆಸೆದು ಕೂರಿಸಲು ಎಂಟು ದಿನ ಹಿಡಿಯಿತು. ವೆಳ್ಳಕೋಯಿಲಿನವರು ಬಂದು ಹತ್ತಿದರು. ಜೀಪು ಓಡಲಿಲ್ಲ, ಅರಚಿತು! ಟಾಪ್ ಗೇರಿನಲ್ಲಿದ್ದಾಗಲೇ ಬೀದಿನಾಯಿಯೊಂದು ಅದನ್ನು ದಾಟಿಕೊಂಡು ಹೋಯಿತು. "ಇದ್ರಲ್ಲಿ ಹೊಲ ಉಳಬಹ್ದು ಅಣ್ಣ, ಊರಿಗೆ ಹೋಗಕ್ಕಾಗಲ್ಲ," ಎಂದು ಅವರು ಕೀಲಿಕೈ ವಾಪಸು ಕೊಟ್ಟರು.

"ನಾನ್ ಎಣಿಸಿದ್ದು ತಪ್ಪೋಯ್ತು. ಮನ್ನಿಸ್ಬುಡಿ," ಎಂದರು ಮಾವ.

ನಾನು? ಮೊಬೈಲ್ ನೋಡುತ್ತಿದ್ದೆ.

ಮನೆಗೆ ಬಂದು ನನ್ನದೇ ಪಾಠದ ನೋಟ್ಸ್ ತೆಗೆದೆ. ಡಿಫರೆನ್ಷಿಯಲ್, ಅಂದರೆ ಆಕ್ಸಲಿನ ನಡುವಿನ ಗೇರುಗಳ ಜೋಡಣೆ: ಒಂದು ಚಕ್ರ ನಿಂತರೆ ಇನ್ನೊಂದು ಎರಡರಷ್ಟು ತಿರುಗುತ್ತದೆ. ಅದಕ್ಕೇ ಎರಡು ಸುತ್ತು! ನನ್ನ ಮೂರೂವರೆ ನಿಜದಲ್ಲಿ ಏಳು. ಪ್ರತಿ ವರ್ಷ ನಾನೇ ಬೋರ್ಡಿನ ಮೇಲೆ ಬರೆಯುವ ಸಾಲು ಅದು. ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಮರುದಿನ ಬೆಳಿಗ್ಗೆಯೇ ಪಟ್ಟರೈಗೆ ಓಡಿದೆ. "ಗೊತ್ತಿದ್ದೂ ಯಾಕ್ ಹೇಳ್ಲಿಲ್ಲ ಮಾವ?"

"ಅವರಿಬ್ರೂ ದಿನಾ ನಿನ್ ಮುಖ ನೋಡೋರು, ಕಣ್ಣು," ಎಂದರು ಮಾವ, ಚಿಕ್ಕಂದಿನಿಂದ ನನ್ನನ್ನು ಮುದ್ದಿನಿಂದ ಕರೆಯುವ ಹಾಗೆಯೇ. " ಅವರ ಮುಂದೆ ನೀನ್ ತಲೆ ತಗ್ಗಿಸೋದು ಬೇಡ ಅಂತ. ನನ್ ತಪ್ಪಾದ್ರೆ ಬಿಚ್ಚಿ ಬೇರೆ ಆಕ್ಸಲ್ ಮಾಟ್ಟಿದ್ರೆ ಆಯ್ತು."

ಅಷ್ಟಕ್ಕೇ ಮುಗಿಯುವಂತಿರಲಿಲ್ಲ, ಮೂರು ಜೀಪಿನ ಮಾತು ಆಗಲೇ ನಿಂತುಹೋಗಿತ್ತು. ನಾನು ಅಲ್ಲಿಂದಲೇ ವೆಳ್ಳಕೋಯಿಲಿಗೆ ಫೋನ್ ಮಾಡಿದೆ. ತಪ್ಪು ಎಣಿಸಿದ್ದು ನಾನು, ಮಾವನ ಎಣಿಕೆ ಸರಿಯಿತ್ತು ಎಂದೆ. ಕಾಲೇಜಿನಲ್ಲಿ ನಾನು ಹೇಳುವುದು ಇದೇ ಪಾಠ ಎಂದೂ ಹೇಳಿದೆ. ಅವರು, "ಹಂಗಾದ್ರೆ ಅಣ್ಣಂಗೇ ಎಣಿಸಕ್ಕೆ ಹೇಳಿ. ಬತ್ತೀನಿ," ಎಂದರು.

ಮಾವನಿಗೆ ಅದನ್ನು ಹೇಳಿದೆ. ಅವರು ಜಾಕಿ ಏರಿಸುವುದನ್ನು ನಿಲ್ಲಿಸಲಿಲ್ಲ. ನನ್ನ ಷರ್ಟಿನ ಕಡೆ ಮಾತ್ರ ನೋಡಿ, "ಅದ್ನ ಬಿಚ್ಚಿಟ್ಟು ಬಾ ಕಣ್ಣು, ಗ್ರೀಸ್ ಆಯ್ತದೆ. ಒಂದು ಚಕ್ರ ನೀನ್ ಹಿಡ್ಕೋ," ಎಂದರು.