ಇನ್ನೂ ಬಾರದ ಗೇಮ್ ಪೆಟ್ಟಿಗೆಗೆ ಫ್ರಿಲ್ ಕವರು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ಮೊದಲ ಪಿಯುಸಿಯ ನಡುವೆಯೇ ಕಾಲೇಜು ಬಿಟ್ಟವಳು. ಆಮೇಲೆ ಕೈಗೆ ಪೆನ್ನಿಗಿಂತ ಕತ್ತರಿಯೇ ಹೆಚ್ಚು ಬಂದಿದೆ. ಪದಗಳೂ ಅಷ್ಟಕ್ಕಷ್ಟೆ. ನಾಲ್ಕು ಜನರೆದುರು ಅವು ಗಂಟಲು ದಾಟುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲಾದರೂ ಸೊಟ್ಟಗಿದ್ದರೆ ಬಿಚ್ಚಿ ಹೊಲಿದುಕೊಳ್ಳಿ.

ಆದರೆ ಒಂದು ವಿಷಯದಲ್ಲಿ ಇಡೀ ದೊಡ್ಡೇರಿಯಲ್ಲಿ ನನ್ನನ್ನು ಮೀರಿಸುವವರಿಲ್ಲ. ಅಳತೆ! ಟೇಪು ಒಪ್ಪದ ಯಾವ ಮಾತನ್ನೂ ನಾನು ನಂಬುವುದಿಲ್ಲ. ಆ ಟೇಪು ಒಂದನ್ನೇ ಹಿಡಿದು, ಜಗತ್ತಿನ ಒಂದು ದೊಡ್ಡ ಕಂಪನಿಯನ್ನು ಸೋಲಿಸಿಯೇ ಸೋಲಿಸುತ್ತೇನೆಂದು ಹೊರಟೆ.

ಹುಣಸೆಹಣ್ಣು ಮಾರಿದ ಮೇಲೆ ಮನೆಗೆ ಒಂದೇ ಒಂದು ಹೊಸ ಸಾಮಾನು ತರುವುದು ನಮ್ಮಪ್ಪ ತಿಮ್ಮರಾಜು ಅವರ ಪದ್ಧತಿ. ಹೋದ ವರ್ಷ ಮಿಕ್ಸಿ ಬಂತು. ಈ ವರ್ಷ ನನ್ನ ಹೊಲಿಗೆ ಮಿಷನ್ನಿಗೆ ಮೋಟರು ಎಂದು ಸಂಕ್ರಾಂತಿಯಿಂದಲೇ ಕನಸು ಕಾಣುತ್ತಿದ್ದೆ. ತುಳಿದೂ ತುಳಿದೂ ನನ್ನ ಮೊಣಕಾಲು ಅಜ್ಜಿಯ ಮೊಣಕಾಲಿಗಿಂತ ಮುದಿಯಾಗಿತ್ತು. ಅಷ್ಟರಲ್ಲಿ ಅಣ್ಣ ಅಂಜನ್ ಕುಮಾರ್ ಮೊಬೈಲ್ ಹಿಡಿದು ಬಂದ. ಯಾವುದೋ ಕಂಪನಿ ಹೊಸ ವಿಡಿಯೋ ಗೇಮ್ ಪೆಟ್ಟಿಗೆಯನ್ನು ಘೋಷಿಸಿತ್ತು. ಟಿ.ವಿ.ಗೆ ಸಿಕ್ಕಿಸಿ ಆಡುವ ಕರಿ ಪೆಟ್ಟಿಗೆ.

"ಯಾವಾಗ ಬರ್ತದಂತೆ?" ಎಂದೆ.

"ಶೀಘ್ರದಲ್ಲೇ ಅಂತ ಹಾಕವ್ರೆ."

"ನಮ್ಮ ಬೀದಿ ಚರಂಡಿಗೂ ಅಂಗೇ ಬೋರ್ಡ್ ಹಾಕವ್ರೆ. ಬೋರ್ಡಿಗೆ ತುಕ್ಕು ಹಿಡೀತು."

"ಲೇ, ಅದು ಚರಂಡಿ, ಇದು ಟೆಕ್ನಾಲಜಿ ಕಣೆ. ಗೇಮಲ್ಲಿ ಒಂದು ಮರ ಬಂದ್ರೆ ಅದರ ಒಂದೊಂದು ಎಲೆನೂ ಬೇರೆ ಬೇರೆ ಅಲ್ಲಾಡ್ತದಂತೆ."

"ಎಲೆ ಅಲ್ಲಾಡೋದು ನೋಡ್ಬೇಕಾದ್ರೆ ನಮ್ಮ ಹುಣಸೆಮರದ ಕೆಳಗೆ ಮಲಕ್ಕೊ. ಪುಕ್ಕಟೆ."

ಅಪ್ಪ ಎಲೆಯಡಿಕೆ ಹಾಕಿಕೊಂಡು ಇಬ್ಬರ ಮಾತನ್ನೂ ಕೇಳಿದರು. "ಮೋಟ್ರೋ, ಗೇಮೋ, ಯಾವ್ದಾದ್ರೂ ಒಂದೇ. ಯೋಚ್ನೆ ಮಾಡಿ ಹೇಳ್ತೀನಿ ಬುಡ್ರಿ" ಎಂದು ಎದ್ದುಹೋದರು.

ಬಾಯಲ್ಲಿ ಹೇಳಿ ಗೆಲ್ಲುವವಳು ನಾನಲ್ಲ. ಕಣ್ಣಿಗೆ ತೋರಿಸಬೇಕು. ನಮ್ಮ ಮನೆಯಲ್ಲಿ ಆ ಪೆಟ್ಟಿಗೆ ಇಡಲು ಜಾಗವಿದ್ದರೆ ಟಿ.ವಿ. ಪಕ್ಕದ ಶೋಕೇಸು ಮಾತ್ರ. ಕಂಪನಿ ಘೋಷಿಸಿದ ಅಳತೆಯನ್ನು ಇಂಚಿಗೆ ತಿರುಗಿಸಿ ಶೋಕೇಸನ್ನು ಅಳೆದೆ. ನಡುವಿನ ಗಾಜಿನ ಹಲಗೆ ಅಡ್ಡ ಬರುತ್ತಿತ್ತು. ಪೆಟ್ಟಿಗೆ ಕೂದಲೆಳೆಯಷ್ಟು ಎತ್ತರ ಹೆಚ್ಚು. ಅಷ್ಟು ಸಾಕಾಗಿತ್ತು ನನಗೆ! ಅದೇ ಅಳತೆಯ ರಟ್ಟಿನ ಡಬ್ಬ ಮಾಡಿ, ಅಪ್ಪನೆದುರು ಶೋಕೇಸಿಗೆ ತುರುಕಿ, ಹಿಡಿಸದಿದ್ದಾಗ "ನೋಡಪ್ಪ" ಎಂದು ಹೇಳುವುದೆಂದು ತೀರ್ಮಾನಿಸಿದೆ. ಆ ಒಂದು ಮಾತನ್ನು ಕನ್ನಡಿಯ ಮುಂದೆ ಅಭ್ಯಾಸವೂ ಮಾಡಿಕೊಂಡೆ.

ಅಂಗಡಿಯಿಂದ ಬಿಸ್ಕತ್ತಿನ ರಟ್ಟು ತಂದು ಕತ್ತರಿಸಿ ಅಂಟಿಸಿದೆ. ಬರೀ ಬಿಸ್ಕತ್ ಡಬ್ಬ ನೋಡಿ ಅಪ್ಪ ನಕ್ಕುಬಿಟ್ಟರೆ? ರವಿಕೆಯ ಲೈನಿಂಗಿನಲ್ಲಿ ಮಿಕ್ಕಿದ್ದ ಕರಿಬಟ್ಟೆಯಲ್ಲಿ ಒಂದು ಕವರು ಹೊಲಿದೆ. ನಮ್ಮ ಮನೆಯಲ್ಲಿ ಬಟ್ಟೆ ತೊಡದ ಸಾಮಾನಿಲ್ಲ. ಮಿಕ್ಸಿಗೆ, ಟಿ.ವಿ.ಗೆ, ಕಡೆಗೆ ಗ್ಯಾಸ್ ಸಿಲಿಂಡರಿಗೂ ಫ್ರಿಲ್ ಇದೆ. ಅದೇ ಅಭ್ಯಾಸದಲ್ಲಿ ಇದರ ಸುತ್ತಲೂ ಕೆಂಪು ಫ್ರಿಲ್ ಬಂತು. ಅಂಚಿಗೆ ಪೈಪಿಂಗ್ ಕೊಡದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ, ಅದನ್ನೂ ಕೊಟ್ಟೆ. ಬೇಡವೆಂದು ಸಾಧಿಸಹೊರಟ ವಸ್ತುವಿಗೆ ಅಷ್ಟು ಪ್ರೀತಿಯಿಂದ ಯಾವ ವೈರಿಯೂ ಹೊಲಿದಿರಲಾರ.

ಅದನ್ನು ಮಂಚದ ಮೇಲಿಟ್ಟು, ಆಚೆ ಬೀದಿಗೆ ರವಿಕೆ ಕೊಟ್ಟುಬರಲು ಹೋದೆ. ವಾಪಸು ಬಂದರೆ ಬಾಗಿಲಲ್ಲಿ ಚಪ್ಪಲಿಗಳ ರಾಶಿ, ಒಳಗೆ ಊದುಬತ್ತಿಯ ಹೊಗೆ. ಮೊಮ್ಮಗ ದಿನವೂ ಹೊಗಳುತ್ತಿದ್ದ ಕರಿ ಪೆಟ್ಟಿಗೆ ಬಂದೇಬಿಟ್ಟಿತೆಂದು ಅಜ್ಜಿ ಕೆಂಚಮ್ಮ ತಿಳಿದಿದ್ದಳು. ಹೊಸ ಸಾಮಾನಿಗೆ ಪೂಜೆಯಾಗದೆ ನಮ್ಮಲ್ಲಿ ಸ್ವಿಚ್ ಮುಟ್ಟುವಂತಿಲ್ಲ. ಶೋಕೇಸಿನಲ್ಲಿ ಅದು ಹಿಡಿಸಲಿಲ್ಲ, ನಿಜ. ನನ್ನ ಅಳತೆ ಎಂದೂ ತಪ್ಪುವುದಿಲ್ಲ. ಅಜ್ಜಿ ಗಾಜಿನ ಹಲಗೆಯನ್ನೇ ಎಳೆದು ಹಿತ್ತಿಲಿಗೆ ಸಾಗಿಸಿದ್ದಳು. ಡಬ್ಬ ಅರಿಶಿನ ಕುಂಕುಮ ಇಟ್ಟುಕೊಂಡು, ಕನಕಾಂಬರ ಮುಡಿದು, ಮದುಮಗಳಂತೆ ಕೂತಿತ್ತು.

ಪಕ್ಕದ ಮನೆಯ ರಾಮಾಂಜಿನಮ್ಮ ಪಾವಗಡದ ಕಡೆಯವರು, ಮಾತಿನಲ್ಲಿ ತೆಲುಗು ಬೆರೆಯುತ್ತದೆ. ಕೆನ್ನೆಗೆ ಕೈಯಿಟ್ಟು, "ಚಾಲಾ ಬಾಗುಂದಿ, ಬೋ ಚೆನ್ನಾಗೈತೆ ಕಣಮ್ಮ. ಬಟ್ಟೆ ಸಮೇತ ಕಳಿಸ್ತಾರಾ ಕಂಪನಿಯೋರು?" ಎಂದರು.

"ಹೂಂ, ಉಟ್ಕೊಂಡೇ ಬಂದೈತೆ" ಎಂದಳು ಅಜ್ಜಿ.

ಲೈನ್‌ಮನ್ ಆಗಿ ನಿವೃತ್ತರಾದ ರೇಣುಕಯ್ಯ ಡಬ್ಬಕ್ಕೆ ಕಿವಿಯಿಟ್ಟರು. "ಒಳ್ಳೆ ಮಾಲು. ಸದ್ದೇ ಇಲ್ಲ." ಆಮೇಲೆ ಅಂಗೈಯಿಟ್ಟು ನೋಡಿದರು. "ಬಿಸಿನೂ ಇಲ್ಲ. ಕರೆಂಟೇ ತಿನ್ನಲ್ಲ ಅನ್ಸುತ್ತೆ."

ಅದು ಬರೀ ರಟ್ಟೆಂದು ಹೇಳಲು ನಾನು ಬಾಯಿ ತೆರೆದೆ.

"ಯಾಕೆ ಅಂಗೆ ಬಾಯ್ ಬಿಟ್ಕೊಂಡು ನಿಂತಿದ್ದೀಯೆ? ಬಂದೋರ್ಗೆ ಕಾಫಿ ಕಾಯ್ಸೋಗು" ಎಂದಳು ಅಜ್ಜಿ. ಹೋಗಿ ಕಾಯಿಸಿದೆ.

ಕಾಫಿ ತರುವ ಹೊತ್ತಿಗೆ ಅಪ್ಪ ತೋಟದಿಂದ ಬಂದು ನಿಂತಿದ್ದರು. ಹಿಂದೆಯೇ ಮಧುಗಿರಿ ಬಸ್ಸಿಳಿದು ಬಂದ ಅಣ್ಣ, "ಅಪ್ಪ, ನಂಗೇಳ್ದೆ ತರ್ಸ್‌ಬುಟ್ಯಾ?" ಎನ್ನುತ್ತಾ ಹಾರಿಬಂದು ಕವರು ಎತ್ತಿದ. ಕೆಳಗೆ ಬಿಸ್ಕತ್ತಿನ ಚಿತ್ರ. ರೇಣುಕಯ್ಯ ಮೆಲ್ಲಗೆ ಕೈ ಹಿಂದಕ್ಕೆ ತೆಗೆದುಕೊಂಡರು.

ಯಾರ ಕೆಲಸವೆಂದು ಕೇಳುವ ಅಗತ್ಯವೇ ಇರಲಿಲ್ಲ. ಈಗ ಎಲ್ಲರ ಕಣ್ಣೂ ಕವರಿನ ಅಂಚಿಗೆ ಹೋಯಿತು, ಆ ಪೈಪಿಂಗ್ ಊರಿಗೆಲ್ಲ ಗೊತ್ತು. ಕಾಫಿ ಲೋಟಗಳನ್ನೇ ನೋಡುತ್ತಾ ಎಲ್ಲವನ್ನೂ ಒಪ್ಪಿಸಿದೆ. ಅದು ಇನ್ನೂ ತಯಾರೇ ಆಗಿಲ್ಲ, ಬಂದರೂ ಇಲ್ಲಿ ಹಿಡಿಸುವುದಿಲ್ಲ, ಬರೀ ಘೋಷಣೆಯನ್ನು ಯಾರೂ ನಂಬಬಾರದು ಎಂದು.

ಅಪ್ಪ ಶೋಕೇಸಿನ ಹತ್ತಿರ ಹೋಗಿ ಫ್ರಿಲ್ ಎತ್ತಿ ನೋಡಿ ಬಿಟ್ಟರು. "ಹಿಡಿಸೈತಲ್ಲಮ್ಮ."

"ಅಜ್ಜಿ ಹಲಗೆ ಕಿತ್ತಾಕೈತೆ ಅಪ್ಪ."

"ಕಿತ್ರೆ ಹಿಡಿಸ್ತದೆ ಅಂತ ಗೊತ್ತಾಯ್ತಲ್ಲ. ನಿಜ ಹೇಳ್ತೀನಿ ಕಣಮ್ಮ, ಬರದೇ ಇರೋ ಸಾಮಾನು ನಂಬೋದೆಂಗೆ ಅಂತ ನಾನೂ ಮೋಟ್ರು ಕಡೆಗೇ ಇದ್ದೆ. ಆದ್ರೆ ನಂಬಿಕೇನೇ ಇಲ್ಲ ಅನ್ನೋ ನೀನೇ ಕೂಸು ಹುಟ್ಟೋಕ್ ಮುಂಚೆ ಅಳತೆ ತಗಂಡು ಕುಲಾವಿ ಹೊಲ್ದಿದ್ದೀಯ ಅಂದ್ಮೇಲೆ, ಇನ್ನು ನಂದೇನೈತೆ ಅನುಮಾನ? ಗೇಮೇ ಬರ್ಲಿ ಬುಡು."

ಅಣ್ಣ ಕುಣಿದಾಡಿದ. ಬಂದವರು ಕಾಫಿ ಮುಗಿಸಿ ಎದ್ದರು. ರಾಮಾಂಜಿನಮ್ಮ ಹೊಸ್ತಿಲಲ್ಲಿ ತಿರುಗಿ ನಿಂತು, "ಯಮ್ಮಾ ಹರ್ಷಿತಾ, ಕೊಡಿಗೇನಹಳ್ಳಿ ನಮ್ಮಳಿಯನೂ ಅದೇ ಪೆಟ್ಟಿಗೆ ತಗಂತಾನಂತೆ. ಈಗ್ಲೇ ಒಂದು ಬಟ್ಟೆ ಹೊಲ್ದಿಡು" ಎಂದರು.

ರೇಣುಕಯ್ಯ ಚಪ್ಪಲಿ ಮೆಟ್ಟಿಕೊಳ್ಳುತ್ತಾ ದನಿ ತಗ್ಗಿಸಿದರು. "ನಮ್ಮನೆಗೂ ಒಂದು. ನಾವು ಪೆಟ್ಟಿಗೆ ತಗಳಲ್ಲ ಕಣಮ್ಮ, ನಂಗೆ ಶೋಕೇಸಲ್ಲಿಡಾಕೆ ರಟ್ಟಿನ ಡಬ್ಬ ಸಮೇತ ಕೊಟ್ಬುಡು."

ನಾಳೆ ಬೆಳಗ್ಗೆ ಆ ಎರಡು ಕವರುಗಳಿಗೆ ಬಟ್ಟೆ ಕತ್ತರಿಸಿ, ಕಾಲಲ್ಲಿ ತುಳಿದು ಹೊಲಿಯುತ್ತೇನೆ.