ಪಿತ್ತಕೋಶದ ಪಕ್ಕದ ಮೂಲೆ

ತೊಂದರೆ ಶುರುವಾದದ್ದು ಪ್ಯಾಂಟಿನ ಗುಂಡಿಯಿಂದ. ಬೆಳಗ್ಗೆ ಅದು ಹಾರಿ ಕನ್ನಡಿಗೆ ಬಡಿದಾಗ ಹೆಂಡತಿ ಸೂಜಿ ದಾರ ತರಲಿಲ್ಲ, ಷರತ್ತು ತಂದಳು.

"ಇವತ್ತು ನಿಮ್ಮ ಮೆಷಿನ್ನಲ್ಲಿ ನಿಮ್ಮ ಲಿವರನ್ನೇ ಅಳೀತಾರಂತಲ್ಲ? ಕೊಬ್ಬು ನೂರಕ್ಕೆ ಐದು ದಾಟಿದ್ರೆ ನಾಳೆಯಿಂದ ನಮ್ಮಪ್ಪನ ಜೊತೆ ಓಡ್ಬೇಕು."

ಮಾವ ನಿವೃತ್ತ ಡ್ರಿಲ್ ಮಾಸ್ತರರು. ಅಳಿಯನನ್ನು ಮೈದಾನದಲ್ಲಿ ಓಡಿಸಬೇಕೆಂಬ ಆಸೆ ಅವರಿಗೆ ಮದುವೆಯ ದಿನದಿಂದಲೂ ಇತ್ತು.

ಅಳಿಯ ಆಸ್ಪತ್ರೆಯಲ್ಲಿ ಎಂ.ಆರ್.ಐ. ತಂತ್ರಜ್ಞ. ಇಷ್ಟು ವರ್ಷ ಅಲ್ಲಿನ ವರದಿಗಳಲ್ಲಿ "ಲಿವರಿನಲ್ಲಿ ಸ್ವಲ್ಪ ಕೊಬ್ಬು ಇರುವಂತಿದೆ" ಎಂದಷ್ಟೇ ಬರೆಯುತ್ತಿದ್ದರು. ಸ್ವಲ್ಪ ಎಂದರೆ ಎಷ್ಟು ಎಂದು ಕೇಳಿದ ರೋಗಿಗೆ ಉತ್ತರವಿರಲಿಲ್ಲ. ಇನ್ನು ಮೇಲೆ ಅಂಕಿಯನ್ನೇ ಬರೆಯಬೇಕು. ಅದಕ್ಕೆ ಮೊದಲು ಪರೀಕ್ಷೆ: ಹತ್ತು ಜನರನ್ನು ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಅಳೆಯಬೇಕು, ಒಬ್ಬರ ಎರಡು ಅಂಕಿಗಳ ನಡುವೆ ಎರಡಕ್ಕಿಂತ ಹೆಚ್ಚು ವ್ಯತ್ಯಾಸ ಬರಬಾರದು. ಪಾಸಾದರೆ ಹೊಸ ಅಳತೆ ವಿಭಾಗಕ್ಕೆ ಈತನೇ ಇನ್‌ಚಾರ್ಜ್. ಹನ್ನೆರಡು ವರ್ಷ ಕಾದ ಹುದ್ದೆ, ಆದೇಶ ಟೈಪಾಗಿ ಆಸ್ಪತ್ರೆಯ ಮುಖ್ಯಸ್ಥೆ ಮೇಡಮ್ಮಿನ ಮೇಜಿನ ಮೇಲಿತ್ತು.

ಒಂಬತ್ತು ಜನ ಕಡ್ಡಿಯಂಥ ನರ್ಸುಗಳು. ಹತ್ತನೆಯವನು ಈತ.

"ಉಸಿರು ಹಿಡ್ಕೊಳ್ಳಿ ಅಣ್ಣ," ಎಂದಳು ಕಿರಿಯ ತಂತ್ರಜ್ಞೆ, ಗಾಜಿನ ಆಚೆಯಿಂದ.

ಎದ್ದು ಬಂದು ತೆರೆ ನೋಡಿದರೆ ಲಿವರೆಲ್ಲ ಬೆಣ್ಣೆ ಮೆತ್ತಿದಂತೆ ಬೆಳ್ಳಗಿದೆ. ಪಿತ್ತಕೋಶದ ಪಕ್ಕದಲ್ಲಿ ಒಂದು ಮೂಲೆ ಮಾತ್ರ ಕೊಬ್ಬು ಕಡಿಮೆಯಿದ್ದು ಕಪ್ಪಗೆ ಉಳಿದಿತ್ತು. ಚಿತ್ರದ ಮೇಲೆ ಎಲ್ಲಿ ಪುಟ್ಟ ವೃತ್ತ ಎಳೆಯುತ್ತಾರೋ ಅಲ್ಲಿನ ಕೊಬ್ಬೇ ಅಂಕಿಯಾಗುತ್ತದೆ.

"ನೀನು ಏಳು, ಇದು ಅನುಭವದ ಕೆಲಸ," ಎಂದು ಆತ ಅವಳನ್ನು ಎಬ್ಬಿಸಿ, ವೃತ್ತವನ್ನು ಆ ಮೂಲೆಗೇ ಎಳೆದ. ಅಂಕಿ ನಾಲ್ಕೂವರೆ ಬಂತು. ತಕ್ಷಣ ಮನೆಗೆ ಫೋನು ಹೋಯಿತು.

ಮಧ್ಯಾಹ್ನ ತಪಾಸಣಾಧಿಕಾರಿ ಬಂದು ಕುಳಿತರು. ಎರಡನೇ ಅಳತೆ ಮುಗಿದು ಈತ ಮೌಸಿಗೆ ಕೈ ಚಾಚಿದಾಗ ಅವರು ತಡೆದರು.

"ನಿಮ್ಮ ಲಿವರಿಗೆ ನೀವೇ ಯಾಕೆ? ಅವರು ಎಳೀಲಿ."

ಕಿರಿಯ ತಂತ್ರಜ್ಞೆ ವೃತ್ತವನ್ನು ಲಿವರಿನ ನಡುಮಧ್ಯೆ ಎಳೆದಳು. ಇಪ್ಪತ್ತೊಂದು.

ಮೇಡಮ್ಮಿನ ಮುಖ ಬಿಳಿಚಿತು. "ಬೆಳಗ್ಗೆ ನಾಲ್ಕೂವರೆ, ಈಗ ಇಪ್ಪತ್ತೊಂದು. ಮಧ್ಯಾಹ್ನ ಏನ್ರೀ ತಿಂದ್ರಿ?" ಎಂದು ಕೇಳಿದರು. ನಗು ಯಾರಿಗೂ ಬರಲಿಲ್ಲ.

ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು. "ಮೆಷಿನ್ ನಂಬೋ ಹಾಗಿಲ್ಲ. ಹಳೇ ವರದೀನೇ ಮುಂದುವರೀಲಿ."

ಆತ ಆ ಪೆನ್ನನ್ನೇ ನೋಡಿದ. ಬಾಯಿ ಬಿಟ್ಟರೆ ಮಾನ ಹೋಗುತ್ತದೆ, ಬಿಡದಿದ್ದರೆ ವಿಭಾಗವೇ ಹೋಗುತ್ತದೆ. ಪೆನ್ನು ಕಾಗದಕ್ಕೆ ತಾಗುವಷ್ಟರಲ್ಲಿ ಅವನಿಗೇ ತಿಳಿಯದಂತೆ ಮಾತು ಹೊರಬಿತ್ತು.

"ಮೆಷಿನ್ ತಪ್ಪಲ್ಲ ಸಾರ್. ಬೆಳಗ್ಗೆ ಕೊಬ್ಬಿಲ್ಲದ ಮೂಲೆ ಹುಡುಕಿ ವೃತ್ತ ಎಳ್ದವನು ನಾನು. ಮನೇಲಿ ಷರತ್ತಿತ್ತು."

ಬೆಳಗಿನ ಚಿತ್ರ ತೆರೆದು ನಡುವೆ ವೃತ್ತ ಎಳೆದರು. ಇಪ್ಪತ್ತೊಂದೇ. ಅಧಿಕಾರಿಯ ಮುಖ ಅರಳಿತು.

"ಒಂಬತ್ತು ಜನರದ್ದೂ ಐದರ ಒಳಗೆ. ದೊಡ್ಡ ಅಂಕಿಯವರು ಒಬ್ಬರೂ ಇಲ್ಲದಿದ್ರೆ ಮೆಷಿನ್ ಹೆಚ್ಚು ಕೊಬ್ಬನ್ನೂ ಸರಿಯಾಗಿ ಅಳೆಯುತ್ತೋ ಗೊತ್ತಾಗದೆ ಪಾಸ್ ಮಾಡೋಕೇ ಆಗ್ತಿರಲಿಲ್ಲ. ಮೇಡಂ, ಈ ವಿಭಾಗಕ್ಕೆ ಇವರು ಬೇಕೇ ಬೇಕು."

ಆತ ಅಂಗಿ ಸರಿಮಾಡಿಕೊಂಡು ಎದೆ ಸೆಟೆಸಿ ನಿಂತ. ಸತ್ಯಕ್ಕೆ ಸಾವಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

"ಇವರನ್ನ ತಿಂಗಳಿಗೊಮ್ಮೆ ಮಲಗಿಸಿ ಅಳೀರಿ, ಮೆಷಿನ್ ಸರಿ ಇದೆಯೋ ಇಲ್ವೋ ಗೊತ್ತಾಗುತ್ತೆ," ಎಂದು ಅಧಿಕಾರಿ ಮುಂದುವರಿಸಿದರು. "ಆದ್ರೆ ಅಳೆಸಿಕೊಳ್ಳೋರು ಇನ್‌ಚಾರ್ಜ್ ಆಗೋ ಹಾಗಿಲ್ಲ. ನಿಯಮ ಇದೆ."

ಮೇಡಂ ಆದೇಶದಲ್ಲಿದ್ದ ಹೆಸರು ಹೊಡೆದುಹಾಕಿ, ಕಿರಿಯ ತಂತ್ರಜ್ಞೆಯ ಹೆಸರು ಬರೆದರು. ಅವಳು ನಾಚಿಕೊಂಡಳು. ಆ ಖುಷಿಯಲ್ಲೇ, ತಾನು ಅಕ್ಕ ಎಂದು ಕರೆಯುವ ಈತನ ಹೆಂಡತಿಗೆ ಫೋನು ಮಾಡಿ ಎಲ್ಲ ಹೇಳಿದಳು.

ಮರುದಿನ ಐದಕ್ಕೆ ಗೇಟಿನಲ್ಲಿ ಸೀಟಿ ಕೇಳಿಸಿತು. ಒಂದು ಸುತ್ತು ಓಡುವಷ್ಟರಲ್ಲಿ ಅಳಿಯನ ಮುಖ ಕೆಂಪಾಗಿದ್ದು ಕಂಡು ಮಾವ ನಿಂತರು.

"ಓಡುವಾಗ ಉಸಿರು ಬಿಡ್ಬೇಕು ಅಳಿಯಂದಿರೇ. ಯಾಕೆ ಹಿಡ್ಕೊಂಡಿದೀರಿ?"

"ಅಭ್ಯಾಸ ಮಾಡ್ಕೋತಾ ಇದೀನಿ ಮಾವ," ಎಂದ ಆತ. "ಇನ್ನು ಮೇಲೆ ಆಸ್ಪತ್ರೇಲಿ ನನಗಿರೋದು ಅದೊಂದೇ ಕೆಲಸ."